ಬ್ಯಾರೆ ಬ್ಯಾರೆ ಕೂತು ಹಾಡಿದ ಪದ

ನಗೋ ಪ್ರಸಂಗ ನನ್ನ ಹುಡುಕ್ಕೊಂಡೇ ಬರ್ತಾವ. ಬಂದಾಗ ನನಗೊಬ್ಬಾಕಿಗೇ ನಗು ಬರಂಗಿಲ್ಲ. ಕ್ಲಾಸಿನಾಗ ಹಾಜರಿ ಕರದ್ರೂ ನನ್ನ ದನಿ ಹೊರಗ ಬೀಳಂಗಿಲ್ಲ, ಹಂಗಾಗಿ ಇವನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ. ಈಗ ಬರದು ಹೇಳಾಕತ್ತೀನಿ.

೧. ಮೈಕು

ಪಿಯುಸಿ ಮೊದಲನೇ ವರ್ಷ ಮುಗದು ಸೂಟಿ ಬಿಟ್ಟಿತ್ತು. ಲೈಬ್ರರಿಯಾಗ ಒಂದು ಹಳೇ ಪುಸ್ತಕ ಓದಿ ನನಗ ಮಿಕ್ಸಿಂಗ್ ಹುಚ್ಚು ಹಿಡದಿತ್ತು. ಹಾಡವ್ರ ದನಿ, ಹಾರ್ಮೋನಿಯಂ ಪೇಟಿ, ತಬಲಾ ಎಲ್ಲಾ ಬ್ಯಾರೆ ಬ್ಯಾರೆ ರೆಕಾರ್ಡ್ ಮಾಡಿರ್ತಾರ. ಯಾವುದು ಎಷ್ಟು ಕೇಳಬೇಕು ಅಂತ ಹೊಂದಿಸಿ ಒಂದು ಹಾಡು ಮಾಡೋದೇ ಮಿಕ್ಸಿಂಗ್.

ನಮ್ಮೂರಾಗ ಜಗತ್ ಸರ್ಕಲ್ ಕಡೆ ಒಂದು ಸಣ್ಣ ಸ್ಟುಡಿಯೋ ಇತ್ತು. ನಾಕು ದಿನ ಅದರ ಬಾಗಲ ಮುಂದ ನಿಂತು ಹೊಳ್ಳಿ ಬಂದೆ. ಐದನೇ ದಿನ ಒಳಗ ಹೋಗಿ, ಇಲ್ಲಿ ಕೂತು ಕಲೀತೀನ್ರಿ ಅಂದೆ. ಮಾಲಕ್ರಿಗೆ ಕೇಳಿಸಲಿಲ್ಲ. ಎರಡನೇ ಸಲಾನೂ ಕೇಳಿಸಲಿಲ್ಲ. ಪಾಪ, ಎದುರಿನ ಮೈಕ್ ಚಾಲೂ ಮಾಡಿ, "ಇದರಾಗ ಹೇಳು ತಂಗಿ" ಅಂದ್ರು.

ಹೇಳ್ದೆ. ಹೊರಗಿನ ಖೋಲ್ಯಾಗ ಎರಡು ಸ್ಪೀಕರ್ ಇದ್ದವು. ಅಲ್ಲಿ ಚಾ ಕುಡ್ಯಾಕ ಕೂತಿದ್ದ ಬ್ಯಾಂಡಿನವ್ರು ಆರೂ ಮಂದಿ ನನ್ನ ಆಸೆ ಕೇಳಿದ್ರು.

ಮಾಲಕ್ರು ನಗಲಿಲ್ಲ. ಒಂದು ಹಾಡು ನೀನೇ ಮಿಕ್ಸ್ ಮಾಡ್ಕೊಂಡು ಬಾ, ಛಲೋ ಇದ್ರ ಕಾಯಂ ಬಂದು ಕೂಡು ಅಂದ್ರು.

೨. ಮುರುಕು ಹಾಡು

ಬ್ಯಾರೆ ಬ್ಯಾರೆ ರೆಕಾರ್ಡಿಂಗ್ ನನಗ ಯಾರು ಕೊಡ್ತಾರ? ಇಂಟರ್ನೆಟ್ಟಿನಾಗ ಒಂದು ಕಡೆ ಫುಕಟ್ ಸಿಗ್ತಾವ ಅಂತ ಗೊತ್ತಾತು. ಸೈಬರ್ ಕೆಫೆಯಾಗ ಮೂರು ದಿನ ಕೂತೆ. ಪ್ರತಿ ಸಲ ಮುಗೀತು ಅನ್ನೂದ್ರಾಗ ಕರೆಂಟ್ ಹೋಗೂದು. ಕಡೀಕ ಒಂದೇ ಫೈಲ್ ಪೂರಾ ಬಂತು. ಬರೇ ಡ್ರಮ್.

ಇಷ್ಟು ದಿನ ಈ ಹುಡುಗಿ ಏನು ಇಳಸಾಕತ್ತಾಳ ಅಂತ ಕೆಫೆ ಅಣ್ಣಗ ಸಂಶಯ ಬಂದು, ಹೆಡ್‌ಫೋನ್ ಇಸಗೊಂಡು ಕೇಳಿದ. ಧಬ್ ಧಬ್ ಅಂತ ನಾಕು ನಿಮಿಷ. ಅವನ ಮಾರಿ ಸಣ್ಣದಾತು. ಇದು ಮುರುಕು ಹಾಡು, ನಿನಗ ಮೋಸ ಮಾಡ್ಯಾರ ತಂಗಿ ಅಂದ. ತನ್ನ ಕಡೆಯಿಂದ ಒಂದು ಸಿಡಿ ಕೊಟ್ಟ.

"ಇನ್ನೂರು ಹಾಡು ಅವ. ದನಿ, ಪೇಟಿ, ತಬಲಾ ಎಲ್ಲಾ ಕೂಡೇ ಅವ."

ಥ್ಯಾಂಕ್ಸ್ ಅಣ್ಣಾ ಅಂತ ತಗೊಂಡು ಬಂದೆ. ಬ್ಯಾರೆ ಏನು ಅನ್ನಾಕ ಬರ್ತದ ನನಗ.

೩. ವರ

ಇದ್ದದ್ದು ಅದೊಂದೇ ಡ್ರಮ್. ಗಾಜಿಪುರ ಓಣ್ಯಾಗ ನಮ್ಮ ಮನ್ಯಾಗಿನ ಹಳೇ ಕಂಪ್ಯೂಟರಿನಾಗ ಅದನ್ನೇ ಒಂದು ವಾರ ದನಿ ಏರ್ಸಿ ಇಳಸಿ ಕೇಳ್ದೆ. ಬಾಜೂ ಮನಿ ಕಾಕು ನಮ್ಮವ್ವನ ಕರದು, ನಿಮ್ಮ ಹುಡುಗಿ ಬರೇ ಪುಸ್ತಕದ ಹುಳ ಅಂತ ತಿಳದಿದ್ದೆ, ಮುಂಜಾನಿಯಿಂದ ಸಂಜೀತನಕ ಖಾರ ಕುಟ್ಟತಾಳಲ್ಲ ಅಂದ್ಳಂತ. ಅಕಿ ತವರಿನ ಕಡೆ ಒಬ್ಬ ಹುಡುಗನೂ ಅದಾನಂತ.

ನಮ್ಮ ಓಣ್ಯಾಗ ಯಾರರೆ ನನ್ನ ಹೊಗಳಿದ್ದು ಅದೇ ಮೊದಲು. ಡ್ರಮ್ ಬಂದ್ ಮಾಡ್ದೆ.

೪. ನಾಕೂವರೆ ನಿಮಿಷ

ಆಮ್ಯಾಲ ನನಗ ಕಮಲಾಪುರ ನೆನಪಾತು. ಅಲ್ಲಿ ನಮ್ಮ ಅಜ್ಜ, ದೊಡ್ಡ ಮುತ್ಯಾ, ಪೇಟಿ ಹಿಡದು ಹಾಡ್ತಾನ, ಅವನ ತಮ್ಮ ಸಣ್ಣ ಮುತ್ಯಾ ತಬಲಾ ಬಾರಿಸ್ತಾನ. ಎರಡು ವರ್ಷದ ಹಿಂದ ಒಂದು ಭಜನ್ಯಾಗ ದೊಡ್ಡಾಂವ "ನೀ ತಾಳ ಬಿಟ್ಟು ಓಡಿದಿ" ಅಂದ, ಸಣ್ಣಾಂವ "ನೀ ಪದ ಎಳದಿ" ಅಂದ. ಅವತ್ತಿನಿಂದ ಮಾತಿಲ್ಲ. ಒಂದೇ ಮನಿ, ದೊಡ್ಡಾಂವ ಮುಂದಿನ ಖೋಲ್ಯಾಗ, ಸಣ್ಣಾಂವ ಹಿಂದಿನ ಖೋಲ್ಯಾಗ. ಮಂದಿ ದುಡ್ಡು ಹಾಕಿ ಬ್ಯಾರೆ ಬ್ಯಾರೆ ಖೋಲಿ ಕಟ್ಟಿ ರೆಕಾರ್ಡ್ ಮಾಡ್ತಾರ. ನಮ್ಮ ಮನ್ಯಾಗ ಜಗಳ ಫುಕಟ್ ಮಾಡಿಟ್ಟಿತ್ತು.

ದೊಡ್ಡ ಮುತ್ಯಾ ಒಂದು ತತ್ವಪದ ಹಾಡಿದ. ಎಂಪಿತ್ರೀ ಪ್ಲೇಯರಿನಾಗ ತುಂಬ್ಕೊಂಡೆ. ನಡುವ ಒಮ್ಮಿ ಬಲಕ್ಕ ಹೊಳ್ಳಿ, "ಸಾವಕಾಶ, ಸಾವಕಾಶ" ಅಂದ. ಮೊದಲು ತಬಲಾ ಇರ್ತಿದ್ದ ಆ ಕಡೆ ಈಗ ಬರೇ ಗ್ವಾಡಿ ಇತ್ತು.

ಅದನ್ನ ಕೇಳ್ಕೋಂತ ಬಾರಿಸು ಅಂತ ಸಣ್ಣ ಮುತ್ಯಾಗ ಹೆಡ್‌ಫೋನ್ ಕೊಟ್ಟೆ. ಹಾಕ್ಕೊಳ್ಳಲಿಲ್ಲ.

"ಅಂವನ ದನಿ ನನ್ನ ಕಿವ್ಯಾಗ ಬೀಳಬಾರದು. ಯಾವ ಪದ ಅಷ್ಟೇ ಹೇಳು."

ಹೇಳ್ದೆ, ಬಾರಿಸಿದ. ಹಾಡು ಆರು ನಿಮಿಷ ಇತ್ತು, ತಬಲಾ ನಾಕೂವರೆ ನಿಮಿಷಕ್ಕ ಮುಗದಿತ್ತು. ಮನಿಗೆ ಬಂದು ಕಂಪ್ಯೂಟರಿನಾಗ ತಾಳ ಅಳದು ನೋಡ್ದೆ. ದೊಡ್ಡಾಂವ ಎಳದದ್ದೂ ಖರೆ, ಸಣ್ಣಾಂವ ಓಡಿದ್ದೂ ಖರೆ. ಎರಡು ವರ್ಷದ ಜಗಳದ ತೀರ್ಪು ನನ್ನ ಕೈಯಾಗಿತ್ತು. ಹೇಳೋ ಧೈರ್ಯ ಇರಲಿಲ್ಲ.

೫. ಒಂದೇ ಮಾತು

ಉಳಿದ ಸೂಟಿ ತಬಲಾ ಕತ್ತರಿಸಿ ಕತ್ತರಿಸಿ ಹಾಡಿನ ಕೆಳಗ ಕೂಡಸೋದ್ರಾಗೇ ಹೋತು. ಕಣ್ಣು ಉರಿ ಬಿದ್ದು ನೀರು ಸೋರೂವು. ನಮ್ಮವ್ವ ನಾ ಮದುವಿ ಮಾತಿಗೆ ಅಳಾಕತ್ತೀನಿ ಅಂತ ತಿಳದಿದ್ಳು.

ಸ್ಟುಡಿಯೋ ಮಾಲಕ್ರು ಕಣ್ಣು ಮುಚ್ಚಿ ಪೂರಾ ಕೇಳಿದ್ರು. ಯಾವುದು ಎಷ್ಟು ಕೇಳಬೇಕೋ ಅಷ್ಟು ಅದ ಅಂದ್ರು. ಆಮ್ಯಾಲ ಕಣ್ಣು ತಗದು ಕೇಳಿದ್ರು.

"ತಂಗಿ, ಇವ್ರಿಬ್ರಿಗೂ ಮಾತಿಲ್ಲೇನು?"

ನಾ ಅವರಿಗೆ ಏನೂ ಹೇಳಿರಲಿಲ್ಲ. "ಎರಡು ವರ್ಷ ಆತ್ರಿ" ಅಂದೆ.

"ಕೇಳಿಸ್ತದ. ಮಿಕ್ಸಿಂಗಿನಾಗ ಅದು ಸರಿ ಆಗಂಗಿಲ್ಲ. ಇಬ್ರನ್ನೂ ಒಂದೇ ಖೋಲ್ಯಾಗ ಕೂಡ್ಸಿ ರೆಕಾರ್ಡ್ ಮಾಡ್ಕೊಂಡು ಬಾ. ನಿನ್ನ ಖುರ್ಚಿ ಇಟ್ಟಿರ್ತೀನಿ."

ಮರುದಿನ ಕಮಲಾಪುರದ ಬಸ್ ಹತ್ತಿದೆ. ಮುಂದಿನ ಖೋಲ್ಯಾಗ ದೊಡ್ಡ ಮುತ್ಯಾಗ ಎಲ್ಲಾ ಹೇಳ್ದೆ. ತಪ್ಪು ಯಾರದು ಅಂದ ಆ ಮಾಲಕ ಅಂತ ಕೇಳಿದ. ಯಾರದೂ ಅನ್ನಲಿಲ್ಲ ಮುತ್ಯಾ, ಇಬ್ರೂ ಒಂದೇ ಖೋಲ್ಯಾಗ ಕೂಡಬೇಕಂತ ಅಂದೆ. ಮುತ್ಯಾ ಮಾಲಕ್ರ ಮ್ಯಾಲ ಸಿಟ್ಟಾಗಿ ಪೇಟಿ ಮುಚ್ಚಿದ.

"ಅಂವಗ ಕಿವಿ ಇಲ್ಲವಾ. ಬ್ಯಾರೆ ಸ್ಟುಡಿಯೋ ನೋಡು."

ಹಿಂದಿನ ಖೋಲಿಗೆ ಹೋದೆ. ಸಣ್ಣ ಮುತ್ಯಾನೂ ಅದನ್ನೇ ಕೇಳಿದ, ನಾನೂ ಅದನ್ನೇ ಹೇಳ್ದೆ. ಅಂವ ತಬಲಾ ಸರಿಸಿಟ್ಟ.

"ಅಂವಗ ಕಿವಿ ಇಲ್ಲವಾ. ಬ್ಯಾರೆ ಸ್ಟುಡಿಯೋ ನೋಡು."

ಎರಡು ವರ್ಷದಾಗ ಇಬ್ರೂ ಕೂಡಿದ್ದು ಅದೊಂದೇ ಮಾತಿಗೆ. ನನ್ನ ಖುರ್ಚಿ ಹೋತು. ಆದ್ರ ಆ ಮಾತಿನಾಗ ಒಬ್ರೂ ಎಳೀಲಿಲ್ಲ, ಒಬ್ರೂ ಓಡಲಿಲ್ಲ.