ನಲವತ್ತು ವರ್ಷದ ಅಂಚೆಚೀಟಿ, ಒಂದು ಪಾತ್ರೆ ನೀರು

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂಬ ಒತ್ತಾಯ ನನ್ನದೂ ಇಲ್ಲ. ಮುಂಬೈಯ ಚೆಂಬೂರಿನ ಮೂರನೇ ಮಹಡಿಯಲ್ಲಿ ಕೂತು, ಒಂದೇ ಭಾನುವಾರದಲ್ಲಿ, ಫೋನ್ ಮುಟ್ಟದೆ, ಅಂಚೆಚೀಟಿ ಹುಟ್ಟಿದ ಮೊದಲ ನಲವತ್ತು ವರ್ಷಗಳಲ್ಲಿ ಇಡೀ ಭೂಮಂಡಲದಲ್ಲಿ ಎಷ್ಟು ಬಗೆಯ ಚೀಟಿಗಳು ಹೊರಬಂದವು ಎಂಬುದನ್ನು ನಾನು ಕಂಡುಹಿಡಿದೆ. ಅದೂ ಮೂರು ಸಲ! ಮೂರು ಸಲವೂ ಬೇರೆ ಬೇರೆ ಉತ್ತರ ಬಂತು ಎಂಬುದು ಸಣ್ಣ ವಿಷಯ. ದೊಡ್ಡವರ ಜೀವನದಲ್ಲಿ ಇಂಥವೆಲ್ಲ ಇದ್ದದ್ದೇ.

ಶುರುವಾದದ್ದು ಅಲಿಬಾಗ್‌ನಿಂದ. ಕಾಲೇಜಿನ ಗೆಳೆಯರೆಲ್ಲ ಎರಡು ದಿನ ಅಲಿಬಾಗ್‌ನ ಸಮುದ್ರ ತೀರಕ್ಕೆ ಹೊರಟಿದ್ದರು. ಕಾಲೇಜಿನವರು ಕೊಟ್ಟ ಅನುಮತಿ ಫಾರ್ಮ್ ಮೇಲೆ ಅಪ್ಪನ ಸಹಿ ಬೇಕಿತ್ತು. ಅಪ್ಪನಿಗೆ ಸಯನ್ ಸ್ಟೇಷನ್ ಹತ್ತಿರ ಹೋಟೆಲ್ ಇದೆ. ದಿನಕ್ಕೆ ಸಾವಿರ ಇಡ್ಲಿ ಬಿಡಿಸುವ ಆ ಕೈಗೆ ನನ್ನ ಫಾರ್ಮ್ ಮೇಲೆ ಒಂದು ಗೆರೆ ಎಳೆಯಲು ಮಾತ್ರ ಹದಿನೈದು ದಿನದಿಂದ ಪುರುಸೊತ್ತಿರಲಿಲ್ಲ.

ಅಂದು ಬೆಳಿಗ್ಗೆ ಐದನೇ ಮಹಡಿಯ ಕರ್ಕೇರ ಮಾಮ ನೀರ್‌ದೋಸೆಗೆ ಬಂದಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದವರು. ಅಪ್ಪನಿಗೆ ಇರುವ ಒಂದೇ ಹುಚ್ಚು ಹಳೇ ಅಂಚೆಚೀಟಿ. ಆ ಹುಚ್ಚಿಗೆ ಇರುವ ಒಬ್ಬರೇ ಜೊತೆಗಾರರು ಮಾಮ. ಇಬ್ಬರೂ ಆಲ್ಬಮ್ ಬಿಡಿಸಿಕೊಂಡು, ಮೊದಲ ನಲವತ್ತು ವರ್ಷದಲ್ಲಿ ಲೋಕದಲ್ಲಿ ಒಟ್ಟು ಎಷ್ಟು ಬಗೆ ಬಂದಿರಬಹುದು ಎಂದು ಗಂಭೀರವಾಗಿ ತಲೆ ಕೆರೆದುಕೊಳ್ಳುತ್ತಿದ್ದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಅರೆ, ಸಿಂಪಲ್ ಮಾಮ! ಎಸ್ಟಿಮೇಟ್ ಮಾಡ್ಲಿಕ್ಕೆ ಎಷ್ಟೊತ್ತು? ಅರ್ಧ ಗಂಟೆ ಸಾಕು."

"ಫೋನ್ ನೋಡಿಯಾ?" ಎಂದರು ಅಪ್ಪ.

"ಫೋನ್ ಎಂತಕ್ಕೆ? ತಲೆ ಉಂಟಲ್ಲ!"

ಅಪ್ಪ ನನ್ನ ತಲೆಯನ್ನು ಒಮ್ಮೆ ನೋಡಿದರು. ಹಳಸಿದ ಹಿಟ್ಟನ್ನು ನೋಡುವಾಗ ಅವರ ಮುಖ ಹೀಗೇ ಇರುತ್ತದೆ.

"ಸರಿ ಮಗಾ. ಸಂಜೆಯೊಳಗೆ ಅಂದಾಜು ಮಾಡಿ ಹೇಳು. ಉತ್ತರ ಪಕ್ಕಾ ಇರ್ಬೇಕು ಅಂತ ಇಲ್ಲ, ದಾರಿ ಸರಿ ಉಂಟು ಅಂತ ಮಾಮ ಹೇಳಿದ್ರೆ ಸಾಕು. ಸೈನ್ ಹಾಕ್ತೇನೆ. ಇಲ್ಲದಿದ್ರೆ ಅಲಿಬಾಗ್ ಖಲಾಸ್."

ಅಪ್ಪ ಹೋಟೆಲಿಗೆ ಹೋದರು. ಅಮ್ಮ ನನ್ನ ಫೋನನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ತರಕಾರಿಗೆಂದು ಮಾಟುಂಗಾಕ್ಕೆ ಹೋದಳು. ಮನೆಯಲ್ಲಿ ಉಳಿದದ್ದು ನಾನು, ಆಲ್ಬಮ್ ಮತ್ತು ಐದನೇ ಕ್ಲಾಸಿನ ನನ್ನ ತಂಗಿ ಅನು. ವಿಜ್ಞಾನದ ಇತಿಹಾಸದಲ್ಲಿ ಇಂಥ ಭಾನುವಾರಗಳು ಅಪರೂಪ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಹೋಟೆಲಿನವನ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಲ್ಬಮ್‌ನ ಮೊದಲ ಪುಟವನ್ನೇ ಆ ಅಗುಳೆಂದು ತಿಳಿದು ಎಣಿಸಿದೆ. ಮೂವತ್ತೆರಡು ಚೀಟಿ! ಒಂದು ದೇಶಕ್ಕೆ ವರ್ಷಕ್ಕೆ ಮೂವತ್ತೆರಡು. ಲೋಕದಲ್ಲಿ ಸುಮಾರು ಇನ್ನೂರು ದೇಶ. ವರ್ಷ ನಲವತ್ತು. ಗುಣಿಸಿದರೆ ಎರಡು ಲಕ್ಷದ ಐವತ್ತಾರು ಸಾವಿರ. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದೆ.

ಕರ್ಕೇರ ಮಾಮ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ನಾನು ಇನ್ನೂ ಅಲ್ಲೇ ಇದ್ದೆ.

"ಆಗ ಇನ್ನೂರು ದೇಶ ಎಲ್ಲಿತ್ತು ಮಾರಾಯ? ಮೊದಮೊದಲು ಬೆರಳೆಣಿಕೆಯಷ್ಟು ರಾಜ್ಯಗಳು, ಅಂದ್ರೆ ಆಗಿನ ದೇಶಗಳು, ಚೀಟಿ ಅಚ್ಚು ಹಾಕಿದ್ದು. ಆಮೇಲೆ ಒಂದೊಂದೇ ಸೇರಿದ್ದು."

"ಓಕೆ, ಸ್ವಲ್ಪ ಕಮ್ಮಿ ಮಾಡುವ," ಎಂದೆ ಉದಾರವಾಗಿ.

"ಮೂವತ್ತೆರಡು ಅಂದ್ಯಲ್ಲ, ಯಾವ ಪುಟ?"

"ಫಸ್ಟ್ ಪೇಜ್. ರಾಣಿ ಮುಖದ್ದು."

ಮಾಮ ನಕ್ಕರು. ನಗುತ್ತಾ ಕೆಮ್ಮಿದರು. ಕೆಮ್ಮುತ್ತಾ ಮತ್ತೆ ನಕ್ಕರು. "ಅದು ಮೂವತ್ತೆರಡು ಬಗೆ ಅಲ್ಲ ಮಗಾ. ಅರ್ಧಾಣೆಯ ಒಂದೇ ಚೀಟಿ! ಮೇಲಿನ ಮೊಹರು ನೋಡಿದ್ಯಾ? ಒಂದೊಂದೂ ಒಂದೊಂದು ಊರಿನ ಪೋಸ್ಟಾಫೀಸಿಂದು. ನಿನ್ನ ಅಪ್ಪ ಒಟ್ಟು ಮಾಡಿದ್ದು ಊರುಗಳನ್ನು, ರಾಣಿಯನ್ನಲ್ಲ."

ಅಂದರೆ ನಾನು ಒಬ್ಬಳೇ ರಾಣಿಯನ್ನು ಮೂವತ್ತೆರಡು ಸಲ ಎಣಿಸಿ, ಇನ್ನೂರು ದೇಶಗಳಿಗೆ ಹಂಚಿ, ಪ್ರತಿ ವರ್ಷ ಮತ್ತೆ ಮತ್ತೆ ಕಳಿಸಿಕೊಟ್ಟಿದ್ದೆ. ರಾಣಿಗೂ ಸುಸ್ತಾಗಿರಬೇಕು.

ಪಾಪ, ಮಾಮನೇ ದಾರಿ ಹೇಳಿಕೊಟ್ಟರು. "ಮುಂದಿನ ಪುಟಗಳಲ್ಲಿ ಬೇರೆ ಬೇರೆ ರಾಜ್ಯಗಳ ಚೀಟಿ ಉಂಟು. ಚಿತ್ರ ಒಂದೇ ಇದ್ರೂ ಬಣ್ಣ ಬೇರೆ ಆದ್ರೆ ಬೇರೆ ಬಗೆ ಅಂತ ಲೆಕ್ಕ. ಒಂದು ರಾಜ್ಯಕ್ಕೆ ಸರಾಸರಿ ಎಷ್ಟು ಬಗೆ, ನೋಡಿ ಹೇಳು. ಎಷ್ಟು ರಾಜ್ಯ ಅಂತ ನಾನು ಹೇಳ್ತೇನೆ. ಗುಣಿಸಿದ್ರೆ ಆಯ್ತು. ಕೂತು ಎಣಿಸುವುದು ಅಷ್ಟೇ, ಗೊತ್ತಾಯ್ತಾ?"

ಗೊತ್ತಾಯಿತು. ಕೂತು ಎಣಿಸುವುದು ಸಾಮಾನ್ಯ ಜನರ ಕೆಲಸ ಎಂಬುದೂ ಗೊತ್ತಾಯಿತು.

ಅಪ್ಪ ಚೀಟಿಗಳನ್ನು ಮನಸ್ಸಿಗೆ ಬಂದಂತೆ ಅಂಟಿಸಿದ್ದರು. ಕೆಂಪು ಇಲ್ಲೊಂದು, ಅಲ್ಲೊಂದು. ನೀಲಿ ಮೂರು ಪುಟ ಬಿಟ್ಟು. ಎಲ್ಲವನ್ನೂ ಬಿಡಿಸಿ ನೆಲದ ಮೇಲೆ ಬಣ್ಣಬಣ್ಣವಾಗಿ ಗುಂಪು ಮಾಡಿದರೆ ಒಂದೇ ನೋಟಕ್ಕೆ ಲೆಕ್ಕ ಸಿಗುತ್ತದಲ್ಲ! ಆದರೆ ಅಪ್ಪ ಗೋಂದು ಹಚ್ಚಿ ಅಂಟಿಸಿದ್ದಾರೆ. ಬಿಡಿಸುವುದು ಹೇಗೆ?

ನಮ್ಮದು ಹೋಟೆಲಿನವರ ಮನೆ. ನಮ್ಮಲ್ಲಿ ಅಕ್ಕಿ ಗಟ್ಟಿ ಇದ್ದರೆ ನೆನೆಸುತ್ತಾರೆ. ಉದ್ದು ಗಟ್ಟಿ ಇದ್ದರೆ ನೆನೆಸುತ್ತಾರೆ. ತಳ ಹಿಡಿದ ಪಾತ್ರೆ, ಕಲೆಯಾದ ಅಂಗಿ, ಊದಿಕೊಂಡ ಕಾಲು, ಎಲ್ಲಕ್ಕೂ ಒಂದೇ ಮದ್ದು: ನೆನೆಸಿಡು. ನಾನು ಕುಲಧರ್ಮ ಪಾಲಿಸಿದೆ. ಉದ್ದು ನೆನೆಸುವ ದೊಡ್ಡ ಪಾತ್ರೆಗೆ ಉಗುರು ಬೆಚ್ಚಗಿನ ನೀರು ತುಂಬಿಸಿ, ಹದಿನಾರು ಪುಟಗಳನ್ನು ಬಿಡಿಸಿ ಮುಳುಗಿಸಿದೆ. ಮೇಲೆ ಮುಚ್ಚಳ ಕೂಡ ಮುಚ್ಚಿದೆ. ಯಾಕೆಂದು ಕೇಳಬೇಡಿ. ಅಭ್ಯಾಸ.

ಅರ್ಧ ಗಂಟೆ ಬಿಟ್ಟು ಅನು ಮುಚ್ಚಳ ಎತ್ತಿದಳು.

"ಅಣ್ಣಾ, ಇದು ಕೋಕಮ್ ಶರಬತ್ತಾ?"

"ಎಂತ ಶರಬತ್ತು?"

"ನೀರು ಕೆಂಪಾಗಿ ಉಂಟು."

ಓಡಿ ಹೋಗಿ ನೋಡಿದೆ. ಕೆಂಪು ನೀಲಿಗೆ ಹೋಗಿತ್ತು, ನೀಲಿ ಹಳದಿಗೆ ಬಂದಿತ್ತು, ಹಳದಿ ಎಲ್ಲಿಗೆ ಹೋಗಿತ್ತೋ ದೇವರಿಗೇ ಗೊತ್ತು. ಹಳೇ ಕಾಲದವರು ಬಣ್ಣವನ್ನು ನಂಬಿಕೆಯ ಮೇಲೆ ಹಚ್ಚುತ್ತಿದ್ದರು ಅಂತ ಕಾಣುತ್ತದೆ. ಕೈ ಹಾಕಿ ಎತ್ತಿದರೆ ಚೀಟಿಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆ ಮುದ್ದೆ. ಎಣಿಸಿದೆ. ಮುದ್ದೆ ಒಟ್ಟು ಹದಿನೇಳು. ಬೆಳಿಗ್ಗೆ ಎರಡೂವರೆ ಲಕ್ಷ ದಾಟಿದ್ದ ಲೋಕದ ಅಂಚೆಚೀಟಿ ಮಧ್ಯಾಹ್ನದ ಹೊತ್ತಿಗೆ ಹದಿನೇಳಕ್ಕೆ ಇಳಿದಿತ್ತು!

"ಅಪ್ಪ ಬಯ್ತಾರೆ," ಎಂದಳು ಅನು.

"ಬಯ್ಯಲ್ಲ. ಒಣಗಿದ್ರೆ ಬಣ್ಣ ವಾಪಸ್ ಬರ್ತದೆ."

"ಯಾರು ಹೇಳಿದ್ದು?"

"ಸೈನ್ಸ್."

ಸೈನ್ಸ್ ಹಾಗೆ ಹೇಳಿದ್ದು ಸೈನ್ಸಿಗೇ ಗೊತ್ತಿರಲಿಲ್ಲ. ಮುದ್ದೆಗಳನ್ನು ಮೆಲ್ಲಗೆ ಬಿಡಿಸಿ, ಇಡ್ಲಿ ಬಟ್ಟೆಗಳನ್ನು ಹಾಲ್ ತುಂಬಾ ಹಾಸಿ, ಹಪ್ಪಳದ ಹಾಗೆ ಸಾಲಾಗಿ ಒಣಗಲು ಹಾಕಿದೆ. ಮುಂಬೈಯ ಗಾಳಿಯಲ್ಲಿ ಟವೆಲ್ಲೇ ಎರಡು ದಿನ ಒಣಗುವುದಿಲ್ಲ. ಅದಕ್ಕೆ ಫ್ಯಾನು ಹಾಕಿದೆ. ಒಂದರಲ್ಲಿ ಏನೂ ಆಗಲಿಲ್ಲ. ಮೂರರಲ್ಲಿಯೂ ಇಲ್ಲ. ಬೇಸತ್ತು ಐದಕ್ಕೆ ತಿರುಗಿಸಿ ಸ್ನಾನಕ್ಕೆ ಹೋದೆ. ಗೆದ್ದವನು ಸ್ವಚ್ಛವಾಗಿರಬೇಕು.

ಬಚ್ಚಲಿನಲ್ಲಿ ಸೋಪು ಹಚ್ಚಿಕೊಳ್ಳುವಾಗ ಅನು ಕಿರುಚಿದ್ದು ಕೇಳಿತು.

"ಅಣ್ಣಾ! ಹಾರ್ತಾ ಉಂಟು!"

ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. ನಲವತ್ತು ವರ್ಷದ ಜಾಗತಿಕ ಅಂಚೆ ಇತಿಹಾಸ ನಮ್ಮ ಹಾಲ್‌ನಲ್ಲಿ ಗರಗರ ಸುತ್ತುತ್ತಿತ್ತು! ಅರೆ ಒಣಗಿದವು ಗೋಡೆಗೆ ಅಂಟಿದವು. ಪೂರ್ತಿ ಒಣಗಿದವು ಕಿಟಕಿಯಿಂದ ಹೊರಟವು. ಇಬ್ಬರು ರಾಣಿಯರು ನಾಳೆಯ ದೋಸೆ ಹಿಟ್ಟಿಗೆ ಇಳಿದರು. ಒಬ್ಬಳು ಬಂದು ನನ್ನ ಸೋಪು ಹಚ್ಚಿದ ಎದೆಗೇ ಅಂಟಿಕೊಂಡಳು. ಪೋಸ್ಟ್ ಡಬ್ಬಿಗೆ ಹಾಕಿದ್ದರೆ ನಾನು ಅಲಿಬಾಗ್ ತಲುಪುತ್ತಿದ್ದೆನೋ ಏನೋ.

ಫ್ಯಾನ್ ನಿಲ್ಲಿಸಿ, ಇಬ್ಬರೂ ಸೋಫಾ ಕೆಳಗೆ, ಕಪಾಟಿನ ಹಿಂದೆ, ಎಲ್ಲ ಕಡೆ ತೆವಳಿ ಸಿಕ್ಕಿದ್ದನ್ನೆಲ್ಲ ಒಟ್ಟು ಮಾಡಿದೆವು. ಈಗ ಬಣ್ಣದ ಪ್ರಕಾರ ಗುಂಪು ಮಾಡಬೇಕಿತ್ತು. ಗುಂಪು ಮಾಡಿದೆ. ತುಂಬ ಸುಲಭವಾಯಿತು. ಎಲ್ಲ ಚೀಟಿಗಳೂ ತೆಳು ಗುಲಾಬಿ. ಬಗೆ: ಒಂದು.

ಬಾಗಿಲು ತೆರೆಯಿತು. ಅಪ್ಪ! ಜೊತೆಗೆ ಕರ್ಕೇರ ಮಾಮ. ಸಂಜೆ ಬರಬೇಕಾದವರು ಮೂರೂವರೆಗೇ ಬಂದಿದ್ದರು. ಆಮೇಲೆ ಗೊತ್ತಾಯಿತು, ಮಗ ಕೂತು ಎಣಿಸುತ್ತಿದ್ದಾನೆ ಎಂದು ಮಾಮ ಫೋನ್ ಮಾಡಿದ್ದರಂತೆ. ಅಪ್ಪನಿಗೆ ಖುಷಿಯಾಗಿ ಗಲ್ಲಾದಲ್ಲಿ ಬೇರೆಯವರನ್ನು ಕೂರಿಸಿ ಬಂದಿದ್ದರು. ಒಂದು ಕೈಯಲ್ಲಿ ನನ್ನ ಫಾರ್ಮ್. ಇನ್ನೊಂದರಲ್ಲಿ ಪೆನ್ನು. ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಇಬ್ಬರೂ ಗೋಡೆ ನೋಡಿದರು, ನೆಲ ನೋಡಿದರು, ನನ್ನ ಟವೆಲ್ ನೋಡಿದರು. ಕೊನೆಗೆ ಮಾಮನೇ ಮೆಲ್ಲಗೆ ಕೇಳಿದರು. "ಒಂದು ರಾಜ್ಯಕ್ಕೆ ಎಷ್ಟು ಬಗೆ ಬಂತು ಮಗಾ?"

"ಇಡೀ ಲೋಕಕ್ಕೆ ಒಂದು," ಎಂದೆ.

ಅಪ್ಪ ಬಗ್ಗಿ ಒಂದು ಚೀಟಿ ಎತ್ತಿ ಬೆಳಕಿಗೆ ಹಿಡಿದರು. ರಾಣಿ ಅಳಿಸಿಹೋಗಿದ್ದಳು. ಕಪ್ಪು ಮೊಹರು ಮಾತ್ರ ಹಾಗೇ ಇತ್ತು.

"ಇದು ಬಳ್ಳಾರಿದು," ಎಂದರು ಮಾಮನಿಗೆ. "ಇದಕ್ಕೆ ಆರು ವರ್ಷ ಹುಡುಕಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು. ಟಕ್ ಎಂದು ಶಬ್ದವಾಯಿತು. ಫಾರ್ಮನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಟವೆಲ್ ಹಿಡಿದುಕೊಂಡು ನಿಂತಲ್ಲೇ ಅಪ್ಪನ ಮುಖ ನೋಡಿ, ನಾನು ಅಲಿಬಾಗ್‌ಗೆ ಹೋಗುವ ಸಾಧ್ಯತೆ ಎಷ್ಟು ಎಂದು ಅಂದಾಜು ಮಾಡಿದೆ. ಸೊನ್ನೆ. ಇಡೀ ದಿನದಲ್ಲಿ ನನಗೆ ಸರಿಯಾಗಿ ಬಂದ ಉತ್ತರ ಅದೊಂದೇ.