ಸಾಕು ಎನ್ನಲಾರದ ಸಸಿ

ಉಪಚಾರ ಮಾಡಿ ಕೆಟ್ಟವರುಂಟೇ ಎಂದು ಯಾರಾದರೂ ಕೇಳಿದರೆ, ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿರುವ ಭೀಮಸೇನನ ಮನೆಯ ಕಡೆ ಬೆರಳು ತೋರಿಸಿ. ಅವನು ಬಾಗಿಲಿಗೇ ಬಂದು, ಕೇಳಿದವರನ್ನು ಒಳಗೆ ಕರೆದು, ಒಂದು ಲೋಟ ಮಜ್ಜಿಗೆ ಕೊಟ್ಟು, ಬೇಡವೆಂದರೂ ಇನ್ನೊಂದು ಲೋಟ ಕೊಟ್ಟು, ಆಮೇಲೆ ತನ್ನ ದುಃಖ ಹೇಳಿಕೊಳ್ಳುತ್ತಾನೆ. ಆ ದುಃಖಕ್ಕೆ ಕಾರಣ ಒಂದು ಹಿಡಿ ಅವರೆಕಾಳು.

ಕಾಳು ಬಂದದ್ದು ಪರ್ತ್‌ನ ಮೋರ್ಲಿಯಿಂದ. ಅಲ್ಲಿ ಅವನ ಅಕ್ಕ ವನಜಾ ಇದ್ದಾಳೆ. ಅವಳ ಜೊತೆ ಅಮ್ಮ ತುಂಗಮ್ಮ. ತಮ್ಮ ಗುರುದತ್ ಇರುವುದು ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿ. ಮೂರು ಮಕ್ಕಳೂ ಆಸ್ಟ್ರೇಲಿಯಾ ಎಂಬ ಒಂದೇ ದೇಶದಲ್ಲಿದ್ದಾರಲ್ಲ ಎಂದು ಮೈಸೂರಿನ ನೆಂಟರು ಸಂತೋಷಪಡುತ್ತಾರೆ. (ಆ ದೇಶದ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ವಿಮಾನದಲ್ಲಿ ಒಂದು ಊಟ, ಒಂದು ನಿದ್ದೆ, ಗಂಡಹೆಂಡಿರ ಒಂದು ಜಗಳ ಮುಗಿದಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.)

ಅಮ್ಮ ತನ್ನ ಮನೆಗೆ ಬಂದು ಇರಬೇಕೆಂಬುದು ಭೀಮಸೇನನ ಬಹುದಿನದ ಆಸೆ. ಬಂದೇ ಇಲ್ಲವೆಂದಲ್ಲ. ಒಮ್ಮೆ ಮೂರು ತಿಂಗಳಿಗೆಂದು ಬಂದಿದ್ದಳು. ಭೀಮಸೇನ ಅವಳನ್ನು ಮಹಾರಾಣಿಯಂತೆ ನೋಡಿಕೊಂಡ. ಕೋಣೆಗೆ ಹಗಲೂ ರಾತ್ರಿ ಹೀಟರ್. ಗಂಟೆಗೊಂದು ಸಲ ನೀರು ಕುಡಿಯಲೆಂದು ಅವಳ ಫೋನಿಗೆ ಅಲಾರಂ. ತಟ್ಟೆಯಲ್ಲಿ ಅನ್ನ ಕರಗಿದಂತೆಲ್ಲ ಮತ್ತೊಂದು ಸೌಟು. ಹಿತ್ತಲಲ್ಲಿ ಗಾಳಿ, ಹೋಗಬೇಡ. ಮೆಟ್ಟಿಲಿಗೆ ಮಂಡಿ ನೋಯುತ್ತದೆ, ಇಳಿಯಬೇಡ. ಹದಿನೈದೇ ದಿನಕ್ಕೆ ಅಮ್ಮ, ವನಜಾಳ ಮಗಳಿಗೆ ಪರೀಕ್ಷೆ ಹತ್ತಿರ ಬಂತೆಂದು ಟಿಕೆಟ್ ಬದಲಿಸಿಕೊಂಡು ಹೊರಟುಬಿಟ್ಟಳು. (ಆ ಮಗು ಆಗ ಶಿಶುವಿಹಾರದಲ್ಲಿತ್ತು. ಅಲ್ಲಿ ಎಂಥ ಪರೀಕ್ಷೆ ಎಂಬುದು ಭೀಮಸೇನನಿಗೆ ಹೊಳೆಯಲೇ ಇಲ್ಲ.)

ದೀಪಾವಳಿಯ ದಿನ ಮೂರೂ ಮನೆಯವರು ವಿಡಿಯೋ ಕಾಲಿನಲ್ಲಿ ಸೇರಿದಾಗ ಮತ್ತೆ ಅದೇ ಮಾತು ಬಂತು.

“ಅಮ್ಮಾ, ಬರೋ ಜೂನ್‌ಗೆ, ಇಲ್ಲಿನ ಚಳಿಗಾಲಕ್ಕೆ, ನಮ್ಮನೆಗೆ ಬಾ,” ಎಂದ ಭೀಮಸೇನ.

“ಅಣ್ಣಂಗೆ ಒಂದ್ಸಲ ಚಾನ್ಸ್ ಸಿಕ್ಕಿತ್ತು. ಈಗ ನನ್ನ ಟರ್ನ್,” ಎಂದ ಗುರುದತ್.

“ಕಚ್ಚಾಡ್ಬೇಡ್ರೋ,” ಎಂದಳು ಅಮ್ಮ. “ಅವರೆಕಾಯಿ ಇಲ್ದೆ ನಂಗೆ ಚಳಿಗಾಲ ಕಳಿಯಲ್ಲ, ಗೊತ್ತಲ್ಲ? ಇಲ್ಲಿ ಹಿತ್ತಲಲ್ಲಿ ಬಿಟ್ಟಿದ್ದು ಬೀಜಕ್ಕೆ ಇಟ್ಟಿದೀನಿ. ಇಬ್ರಿಗೂ ಒಂದೊಂದು ಹಿಡಿ ಕಳಿಸ್ತೀನಿ. ಯಾರ ಮನೇಲಿ ಕಾಯಿ ಬಿಡುತ್ತೋ ಆ ಮನೆಗೆ ಬರ್ತೀನಿ. ನನ್ನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮೇ ತಿಂಗಳಲ್ಲಿ ಎಲ್ಲಾ ಇಲ್ಲಿ ಸೇರ್ತೀವಲ್ಲ, ಅವತ್ತು ಹೇಳಿ.”

ಕಾಳು ಅಂಚೆಯಲ್ಲಿ ಬಂತು. ಗುರುದತ್ ಏನು ಮಾಡಿದನೋ ಅವನಿಗೇ ಸರಿಯಾಗಿ ನೆನಪಿಲ್ಲ. ಕಸದ ಡಬ್ಬ ಇಡುವ ಜಾಗದ ಹಿಂದೆ ಚೆಲ್ಲಿ, ಕಾಲಿಂದ ಮಣ್ಣೆಳೆದು, ಹಿತ್ತಲ ಬಾರ್ಬೆಕ್ಯೂ ಊಟಕ್ಕೆ ಜನ ಬಂದರೆಂದು ಹೋದನಂತೆ. ಭೀಮಸೇನ ಅಂಥ ಹೊಣೆಗೇಡಿಯಲ್ಲ. ಅವನು ರಕ್ಷಣಾ ಪಡೆಗೆ ಯಂತ್ರದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರು. ‘ಸಸಿಗೆ ನೀರು, ಗೊಬ್ಬರ, ಬೆಳಕು: ಹೊಸಬರಿಗೆ ಪಾಠ’ ಎಂಬ ವಿಡಿಯೋ ಸರಣಿಯನ್ನು ಹುಡುಕಿ ತೆಗೆದು, ಶಿಷ್ಯತ್ವ ಸ್ವೀಕರಿಸಿದ.

ಗುರು ಒಬ್ಬ ಗಡ್ಡದ ಮನುಷ್ಯ. ಮಾತು ನಿಧಾನ, ಕಣ್ಣು ಅರೆಮುಚ್ಚಿದ್ದು, ಮುಖದಲ್ಲಿ ಪರಮಶಾಂತಿ. ಭೀಮಸೇನ ಆ ಶಾಂತಿಗೆ ಮನಸೋತ. ಮಗಳು ಅನನ್ಯಾ ಹಿಂದಿನಿಂದ ಇಣುಕಿ, “ಡ್ಯಾಡ್, ದ್ಯಾಟ್ಸ್ ವೀಡ್,” ಎಂದಳು.

“ವೀಡ್ ಅಂದ್ರೆ ಕಳೆ ತಾನೆ ಪುಟ್ಟಿ? ಕಳೇನೇ ಇಷ್ಟು ಚೆನ್ನಾಗಿ ಬೆಳೆಸೋನು ಬೆಳೇನ ಇನ್ನೆಷ್ಟು ಚೆನ್ನಾಗಿ ಬೆಳೆಸ್ತಾನೆ!”

ಹೆಂಡತಿ ಜ್ಯೋತ್ಸ್ನಾ ಅಡುಗೆಮನೆಯಿಂದ ಓಡಿ ಬಂದಳು. “ರೀ, ಅದು ಗಾಂಜಾ! ನೀವು ಕೆಲಸ ಮಾಡೋ ಜಾಗ ಯಾವ್ದು, ನೋಡ್ತಿರೋದು ಏನು?”

“ಗಿಡ ಯಾವ್ದಾದ್ರೇನು ಕಣೆ, ಪಾಠ ಒಂದೇ. ನಾನೇನು ಗಾಂಜಾ ಹಾಕಿದೀನಾ? ಅವರೆ ಹಾಕ್ತಿದೀನಿ.”

ಮರುದಿನ ಅಂಥ ಸಾಮಾನು ಮಾರುವ ಅಂಗಡಿಗೆ ಹೋಗಿ, ಬಟ್ಟೆಯ ಬೀರುವಿನಂಥ ಕಪ್ಪು ಗುಡಾರ, ನೇರಳೆ ದೀಪ, ಗೊಬ್ಬರದ ಬಾಟಲಿ ಎಲ್ಲ ತಂದ. ಏನು ಬೆಳೆಯುತ್ತೀರಿ ಎಂದು ಅಂಗಡಿಯವನು ಕೇಳಿದನಂತೆ. ಬೀನ್ಸ್ ಎಂದನಂತೆ ಇವನು. “ಹೂಂ, ಇಲ್ಲಿಗೆ ಬರೋರೆಲ್ಲ ಬೀನ್ಸೇ ಬೆಳೆಯೋದು, ಮೇಟ್,” ಎಂದು ಕಣ್ಣು ಹೊಡೆದು, ಡ್ರೈವಿಂಗ್ ಲೈಸೆನ್ಸ್ ಕೇಳಿ ಹೆಸರು ಬರೆದುಕೊಂಡನಂತೆ.

“ಅವರೆಗೆ ಎಂಥ ಮರ್ಯಾದೆ ನೋಡು,” ಎಂದ ಭೀಮಸೇನ, ಹೆಮ್ಮೆಯಿಂದ.

ಅಮ್ಮ ಕಳಿಸಿದ ಅಷ್ಟೂ ಕಾಳನ್ನು ಗ್ಯಾರೇಜಿನ ಗುಡಾರದೊಳಗೆ ಒಂದು ಕುಂಡದಲ್ಲಿ ಬಿತ್ತಿದ. ನಾಲ್ಕಾರು ದಿನಕ್ಕೆ ಅವರೆ ಕತ್ತು ಬಗ್ಗಿಸಿಕೊಂಡು ಮೇಲೆ ಬಂತು, ಹೊಸ ಸೊಸೆ ಹೊಸಿಲು ದಾಟಿದ ಹಾಗೆ. ಎರಡೆರಡು ಎಲೆ ಬಿಚ್ಚಿತು. ಅವತ್ತು ಭೀಮಸೇನನಿಗೆ ಸಂತೋಷಕ್ಕೆ ಊಟ ಸೇರಲಿಲ್ಲ.

ಇಲ್ಲಿಂದ ಮುಂದಿನದನ್ನು ಹೇಳುವ ಮುಂಚೆ ಅವನು ಕೇಳುವವರಿಗೆ ಮೂರನೇ ಲೋಟ ಮಜ್ಜಿಗೆ ಕೊಡುತ್ತಾನೆ.

ಗಡ್ಡದ ಗುರು ಹೇಳಿದ್ದು ತಪ್ಪೇನಲ್ಲ. ಸಸಿ ಎಂದರೆ ಕೂಸು. ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು. ಇನ್ನಷ್ಟು ಎಲೆ ಬರುವ ತನಕ ಗೊಬ್ಬರದ ಸುದ್ದಿಯೇ ಬೇಡ, ಆಮೇಲೂ ಬಾಟಲಿಯಲ್ಲಿ ಬರೆದದ್ದರ ಕಾಲು ಭಾಗ. ದೀಪ ಒಂದು ಮೊಳಕ್ಕಿಂತ ಹತ್ತಿರ ಬೇಡ. ಭೀಮಸೇನ ಎಲ್ಲ ಕೇಳಿದ. ಕೇಳಿ ನಕ್ಕ.

“ಇವರ ಅಳತೆ ನಮಗೆ ಸರಿಹೋಗುತ್ತೇನೆ? ಎರಡು ಬ್ರೆಡ್ಡಿನ ಮಧ್ಯೆ ಒಂದು ಎಲೆ ಇಟ್ಕೊಂಡು ತಿಂದು ಊಟ ಆಯ್ತು ಅನ್ನೋ ಜನ. ಇವರ ಗಿಡಾನೂ ಹಾಗೇ. ನಮ್ಮ ಅವರೆ ಹೊಟ್ಟೆ ತುಂಬ ಉಂಡು ಬೆಳೆದ ಜಾತಿ.”

ಬೆಳಿಗ್ಗೆ ಸ್ನಾನವಾದೊಡನೆ ಒಂದು ಚೊಂಬು ನೀರು. ಕೆಲಸಕ್ಕೆ ಹೊರಡುವ ಮುಂಚೆ, ಬಾಯಾರೀತೆಂದು ಅರ್ಧ ಚೊಂಬು. ಸಂಜೆ ಅಕ್ಕಿ ತೊಳೆದ ನೀರು, ಅದು ಶಕ್ತಿ. ಬೇಳೆಕಟ್ಟು, ಅದು ಪುಷ್ಟಿ. ಬಾಟಲಿಯ ಗೊಬ್ಬರ ಹನಿಯ ಲೆಕ್ಕದಲ್ಲಲ್ಲ, ಸೌಟಿನ ಲೆಕ್ಕದಲ್ಲಿ. ದೀಪ ಮೊಳದೂರ ಇದ್ದರೆ ಚಳಿಯಾಗುತ್ತದೆಂದು ಗೇಣಿಗೆ ಇಳಿಸಿದ, ಗೇಣಿನಿಂದ ಚೋಟಿಗೆ ಇಳಿಸಿದ. ಗುಡಾರದೊಳಗೆ ಕ್ಯಾಮೆರಾ ಇಟ್ಟು ಆಫೀಸಿನ ಮೀಟಿಂಗಿನಲ್ಲೂ ಸಸಿಗಳನ್ನೇ ನೋಡುತ್ತ ಕೂತ. ಮಧ್ಯಾಹ್ನ ಹೆಂಡತಿಗೆ ಫೋನು.

“ನೀರು ಹಾಕಿದ್ಯಾ?”

“ಬೆಳಿಗ್ಗೆ ಹಾಕಿದೀರಲ್ಲ! ಕುಂಡದ ತುಂಬ ಕೆಸರು.”

“ಒಂದು ಸ್ವಲ್ಪ ಹಾಕೆ. ಬಿಸಿಲು ಜಾಸ್ತಿ.”

“ಗ್ಯಾರೇಜಲ್ಲಿ ಎಂಥ ಬಿಸಿಲ್ರೀ?”

ಮದುವೆ ಮನೆಯಲ್ಲಿ ಬಡಿಸುವವರ ಕಾಟ ಹೆಚ್ಚಾದರೆ ಉಣ್ಣುವವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗಿಬಿಡುತ್ತಾನೆ. ಪಾಪ, ಸಸಿಗೆ ಕೈ ಎಲ್ಲಿದೆ? ಇರುವುದೇ ಎರಡು ಎಲೆ. ಅವೇ ಮೊದಲು ಹಳದಿಯಾದವು, ಆಮೇಲೆ ತುದಿ ಸುಟ್ಟವು. ಭೀಮಸೇನ ಹಸಿವೆಂದು ತಿಳಿದು ಇನ್ನೊಂದು ಸೌಟು ಬಡಿಸಿದ. “ಇಟ್ಸ್ ಡ್ರೌನಿಂಗ್, ಡ್ಯಾಡ್,” ಎಂದಳು ಅನನ್ಯಾ. ಒಂದು ಬೆಳಿಗ್ಗೆ ಗುಡಾರ ತೆರೆದರೆ ಅಷ್ಟೂ ಸಸಿಗಳು ಬುಡ ಕೊಳೆತು, ಸಾಷ್ಟಾಂಗ ನಮಸ್ಕಾರ ಮಾಡಿದಂತೆ ಮಲಗಿದ್ದವು.

ಅವನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತುಬಿಟ್ಟ. ಜ್ಯೋತ್ಸ್ನಾ ಪಕ್ಕಕ್ಕೆ ಬಂದು ನಿಂತಳು.

“ಹೋಗ್ಲಿ ಬಿಡಿ. ಅತ್ತೇನ ಇನ್ನೊಂದು ಹಿಡಿ ಕೇಳೋಣ. ಇಲ್ಲಾ, ಇಂಡಿಯನ್ ಅಂಗಡೀಲಿ ಒಣ ಅವರೆಕಾಳು ಸಿಗುತ್ತೆ, ಅದನ್ನೇ ಹಾಕಿದ್ರಾಯ್ತು. ಇನ್ನೂ ಟೈಮಿದೆ.”

ಅಂಗಡಿ ಕಾಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭೀಮಸೇನನ ಮುಖ ಗುಡಾರದ ದೀಪದಂತೆ ಬೆಳಗಿತು. ಚಿಕ್ಕಂದಿನಲ್ಲಿ ಅಮ್ಮ ಕೈತುತ್ತು ಹಾಕುತ್ತ ಹೇಳಿದ್ದ ಕತೆ ನೆನಪಾಯಿತು. ಅತ್ತೆಯೊಬ್ಬಳು ಮೂವರು ಸೊಸೆಯರಿಗೆ ಹೆಸರುಕಾಳು ಕೊಟ್ಟು, ಬೆಳೆಸಿ ತೋರಿಸಿ ಎಂದಳಂತೆ. ಇಬ್ಬರು ಹಸಿರು ತುಳುಕುವ ಕುಂಡ ತಂದರಂತೆ. ಕಿರಿಯಳು ಖಾಲಿ ಕುಂಡ ತಂದು ಅತ್ತಳಂತೆ. ಅತ್ತೆ ನಕ್ಕು, ಬೀಗದ ಕೈ ಗೊಂಚಲನ್ನು ಅವಳಿಗೇ ಕೊಟ್ಟಳಂತೆ. ಯಾಕೆ? ಕೊಟ್ಟದ್ದು ಹುರಿದ ಕಾಳು! ಮಿಕ್ಕಿಬ್ಬರು ಬೆಳೆಸಿದ್ದು ಅಂಗಡಿಯ ಕಾಳು.

“ಇದು ಪರೀಕ್ಷೆ ಕಣೆ!” ಎಂದು ಭೀಮಸೇನ ಎದ್ದು ನಿಂತ. “ಸತ್ಯದ ಪರೀಕ್ಷೆ. ಗುರುದತ್‌ನ ನೋಡು, ಮೋಸ ಮಾಡಿ ಸಿಕ್ಕಿಹಾಕ್ಕೋತಾನೆ. ನಾನು ಖಾಲಿ ಕುಂಡಾನೇ ತಗೊಂಡು ಹೋಗ್ತೀನಿ.”

“ರೀ, ಕಾಳು ಮೊಳೆತಿತ್ತಲ್ರೀ! ಹುರಿದಿದ್ರೆ ಹೇಗೆ ಮೊಳೆಯುತ್ತೆ?”

ಭೀಮಸೇನ ಕುಂಡದ ಮಣ್ಣು ಕೆದಕಿ ನೋಡಿದ. “ಅರೆಹುರಿದಿರಬಹುದು.”

“ಅರೆಹುರಿದಿದ್ದು ಕಾಳಲ್ಲ,” ಎಂದು ಜ್ಯೋತ್ಸ್ನಾ ಒಳಗೆ ಹೋದಳು.

ಬಿತ್ತನೆಯ ಕಾಲ ಹಾಗೇ ಸರಿದುಹೋಯಿತು. ಮೇ ತಿಂಗಳು ಬಂತು. ಪರ್ತ್‌ನವರು ಬೇರೆ ರಾಜ್ಯದ ಮಣ್ಣು, ಗಿಡ, ಹಣ್ಣು, ತರಕಾರಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಆದ್ದರಿಂದ ಭೀಮಸೇನ ಕುಂಡವನ್ನು ಸಾಬೂನು ಹಾಕಿ ಉಜ್ಜಿ, ಮಗುವಿನಂತೆ ಎದೆಗವಚಿಕೊಂಡು ವಿಮಾನ ಇಳಿದ. ತಪಾಸಣೆಯ ನಾಯಿ ಕುಂಡವನ್ನು ಮೂಸಿ, ಅವನ ಮುಖವನ್ನೇ ನೋಡಿತು. ಅಧಿಕಾರಿಣಿಯೂ ನೋಡಿದಳು.

“ಒಳಗೆ ಏನಿದೆ?”

“ಏನೂ ಇಲ್ಲ.”

“ಮತ್ತೆ ಯಾಕೆ ಒಯ್ಯುತ್ತಿದ್ದೀರಿ?”

“ಅಮ್ಮನಿಗೆ ಹುಟ್ಟುಹಬ್ಬದ ಉಡುಗೊರೆ.”

ಆಕೆ ನಾಯಿಯನ್ನು ಎಳೆದುಕೊಂಡು ಮುಂದೆ ಹೋದಳು. ಜ್ಯೋತ್ಸ್ನಾ ಮಗಳ ಕೈ ಹಿಡಿದು, ಈ ಮನುಷ್ಯನ ಪರಿಚಯವೇ ಇಲ್ಲವೆಂಬಂತೆ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು.

ವನಜಾಳ ಮನೆಯಲ್ಲಿ ಅಮ್ಮ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಗುರುದತ್ ಫೋನು ತೆಗೆದು ತೋರಿಸಿದ. ಬೇಲಿ ಕಾಣುವುದಿಲ್ಲ, ಬರೀ ಅವರೆ. ಬಟ್ಟೆ ಒಣಗಿಸುವ ಕಂಬ ಕಾಣುವುದಿಲ್ಲ, ಬರೀ ಅವರೆ. ಕಸದ ಡಬ್ಬದ ಕೈಗೂ ಬಳ್ಳಿ ಸುತ್ತಿಕೊಂಡು ಗೊಂಚಲು ಗೊಂಚಲು ಕಾಯಿ.

“ನೀರು ಏನು ಹಾಕ್ತಿದ್ಯೋ?” ಎಂದಳು ಅಮ್ಮ.

“ಮಳೆ ಬಂದಾಗ ಬೀಳುತ್ತಮ್ಮ.”

ಅಯ್ಯೋ ಪಾಪ, ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಎಂದು ಭೀಮಸೇನನಿಗೆ ತಮ್ಮನ ಮೇಲೆ ಕನಿಕರ ಉಕ್ಕಿತು. ತಾನು ಗೆದ್ದ ಮೇಲೆ ಅವನನ್ನು ಕ್ಷಮಿಸುವಂತೆ ಅಮ್ಮನಿಗೆ ಹೇಳಬೇಕೆಂದೂ ನಿಶ್ಚಯಿಸಿದ. ಎಲ್ಲರ ನಡುವೆ ನಡೆದು ಬಂದು ಕುಂಡವನ್ನು ಅಮ್ಮನ ಪಾದದ ಬಳಿ ಇಟ್ಟ.

“ಅಮ್ಮಾ, ನಿನ್ನ ಕಾಳು ನನ್ನ ಕೈಲಿ ಉಳಿಯಲಿಲ್ಲ. ಬೇರೆ ಕಾಳು ಹಾಕಿ ನಿನಗೆ ಮೋಸ ಮಾಡೋಕೆ ಮನಸ್ಸು ಬರಲಿಲ್ಲ. ನನ್ನ ಹತ್ರ ಇರೋದು ಈ ಖಾಲಿ ಕುಂಡ ಒಂದೇ.”

ಅಮ್ಮ ಬಗ್ಗಿ ಕುಂಡದೊಳಗೆ ನೋಡಿದಳು. ಕೈ ಹಾಕಿಯೂ ನೋಡಿದಳು.

“ಕುಂಡ ಚೆನ್ನಾಗಿದೆ ಕಣೋ. ಗಿಡಕ್ಕೆ ಏನಾಯ್ತು?”

“ಅಮ್ಮ, ಸಾಕು ನಾಟಕ. ನೀನು ಕಾಳು ಹುರಿದು ಕಳಿಸಿದ್ದೆ, ಅಲ್ವಾ?”

“ಹುರಿದ ಅವರೇನ ಯಾರಾದ್ರೂ ಬಿತ್ತನೆಗೆ ಕಳಿಸ್ತಾರೇನೋ? ಉಪ್ಪು ಖಾರ ಹಾಕ್ಕೊಂಡು ತಿಂತಾರೆ!”

“ಆ ಕತೆ ಹೇಳಿದ್ದು ನೀನೇ...”

“ನೀನು ಊಟ ಮಾಡ್ಲಿ ಅಂತ ಹೇಳಿದ್ದು ಕಣೋ! ಬಾಯಿ ತೆರೀತಿರ್ಲಿಲ್ಲ ನೀನು, ‘ಸಾಕು ಸಾಕು’ ಅಂತ ಓಡೋಗ್ತಿದ್ದೆ.”

ಗುರುದತ್ ಫೋನನ್ನು ಮುಖಕ್ಕೆ ಅಡ್ಡ ಹಿಡಿದು ನಗು ನುಂಗಿದ. ಜ್ಯೋತ್ಸ್ನಾ ನುಂಗಲಿಲ್ಲ, ಚೊಂಬು, ಸೌಟು, ಬೇಳೆಕಟ್ಟು, ಚೋಟುದ್ದದ ದೀಪ ಎಲ್ಲವನ್ನೂ ಅತ್ತೆಯ ಮುಂದೆ ಒಂದೊಂದಾಗಿ ಹರಡಿದಳು. ಅಮ್ಮ ಕೇಳಿ ಮುಗಿಸಿದಳು. ಅವಳಿಗೆ ನಗು ಬರಲಿಲ್ಲ. ಮಗನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಭೀಮ, ಹೋದ ಸಲ ನಿನ್ನ ಮನೇಲಿ ಹದಿನೈದು ದಿನಕ್ಕೆ ನಂಗೂ ಎಲೆ ಹಳದಿ ಆಗಿತ್ತು ಕಣೋ.”

ಭೀಮಸೇನನಿಗೆ ಆ ಮಾತು ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೀಟರು ನೆನಪಾಯಿತು. ಅಲಾರಂ ನೆನಪಾಯಿತು. ಊಟ ಮುಗಿಸಿದ ಅಮ್ಮ ತಟ್ಟೆಯ ಮೇಲೆ ಎರಡೂ ಕೈ ಮುಚ್ಚಿಕೊಂಡು ಕೂರುತ್ತಿದ್ದದ್ದು, ತಾನು ಆ ಬೆರಳುಗಳ ಸಂದಿಯಲ್ಲೇ ಅನ್ನ ಬಿಡುತ್ತಿದ್ದದ್ದು ನೆನಪಾಯಿತು. ಕೊನೆಗೆ ಶಿಶುವಿಹಾರದ ಪರೀಕ್ಷೆಯೂ ನೆನಪಾಯಿತು.

“ಅಲ್ಲೇ ಹೇಳಬಹುದಿತ್ತಲ್ಲಮ್ಮ,” ಎಂದ, ಸಣ್ಣ ದನಿಯಲ್ಲಿ.

“ಪ್ರೀತಿಯಿಂದ ಮಾಡ್ತಿರೋನಿಗೆ ಏನಂತ ಹೇಳೋದು?”

ಜೂನ್ ತಿಂಗಳಲ್ಲಿ ಅಮ್ಮ ಬ್ರಿಸ್ಬೇನಿಗೆ ಹೋದಳು. ಅಲ್ಲಿ ಗುರುದತ್ ಅವಳನ್ನು ಕಸದ ಡಬ್ಬದ ಹಿಂದಿನ ಅವರೆಯಷ್ಟೇ ಚೆನ್ನಾಗಿ ನೋಡಿಕೊಂಡ. ಎಂದರೆ, ನೋಡಲೇ ಇಲ್ಲ. ಅಮ್ಮ ತಾನೇ ಕಾಯಿ ಕಿತ್ತಳು, ತಾನೇ ಹಿತಕಿದಳು, ಬೇಕಾದಾಗ ಉಂಡಳು, ಬೇಡವಾದಾಗ ಬಿಟ್ಟಳು. ವಿಡಿಯೋ ಕಾಲಿನಲ್ಲಿ ಅವಳ ಕೆನ್ನೆ ತುಂಬಿಕೊಂಡದ್ದು ಕಂಡು ಭೀಮಸೇನನಿಗೆ ಸಂತೋಷವೂ ಆಯಿತು, ಹೇಳಲಾಗದ ಸಂಕಟವೂ ಆಯಿತು.

ಆದರೆ ಹುಟ್ಟುಹಬ್ಬ ಮುಗಿಸಿ ಇವರು ಮೋರ್ಲಿಯಿಂದ ಹೊರಡುವ ದಿನ ಅಮ್ಮ ಇನ್ನೊಂದು ಹಿಡಿ ಕಾಳು ಕೊಟ್ಟಿದ್ದಳು. ಭೀಮಸೇನ ಎರಡೂ ಕೈ ಚಾಚಿದ್ದ. ಅವಳು ಆ ಕೈಗಳನ್ನು ದಾಟಿ, ಜ್ಯೋತ್ಸ್ನಾಳ ಸೆರಗಿಗೆ ಹಾಕಿದಳು. “ಕಾಯಿ ಬಿಟ್ರೆ ಬರೋ ವರ್ಷ ಬರ್ತೀನಿ. ಇವನನ್ನ ಮಾತ್ರ ಅದರ ಹತ್ರ ಬಿಡ್ಬೇಡಮ್ಮ.”

ಚಳಿ ಕಳೆದ ಮೇಲೆ ಜ್ಯೋತ್ಸ್ನಾ ಅದನ್ನು ಹಿತ್ತಲ ಬೇಲಿಯ ಬುಡದಲ್ಲಿ ಹಾಕಿ ತನ್ನ ಪಾಡಿಗೆ ಸುಮ್ಮನಾದಳು. ಕತ್ತು ಬಗ್ಗಿಸಿಕೊಂಡು ಸಸಿ ಬಂತು. ಎರಡು ಎಲೆ ಬಿಚ್ಚಿತು. ಒಂದು ಭಾನುವಾರ ಬಿಸಿಲು ಸ್ವಲ್ಪ ಚುರುಕಾಗಿತ್ತು, ಭೀಮಸೇನನಿಗೆ ತಡೆಯಲಾಗಲಿಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಲಿಗೆ ಹೋಗಿ ಸಸಿಯ ಮುಂದೆ ನಿಂತ.

“ರೀ,” ಅಡುಗೆಮನೆಯ ಕಿಟಕಿಯಿಂದ ದನಿ ಬಂತು. “ಕೈಯಲ್ಲಿ ಏನದು?”

“ಚೊಂಬು.”

“ಯಾರಿಗೆ ನೀರು?”

ಭೀಮಸೇನ ಸಸಿಯನ್ನು ನೋಡಿದ, ಕಿಟಕಿಯನ್ನು ನೋಡಿದ. “ನಂಗೇ ಕಣೆ,” ಎಂದು ತಲೆಯೆತ್ತಿ, ಅಷ್ಟನ್ನೂ ಗಟಗಟ ಕುಡಿದ.

ಜ್ಯೋತ್ಸ್ನಾ ತುಂಬಿದ ಇನ್ನೊಂದು ಚೊಂಬು ಹಿಡಿದು ಹೊರಗೆ ಬಂದಳು. “ಬಿಸಿಲು ಜಾಸ್ತಿ. ಇನ್ನೊಂದು ಸ್ವಲ್ಪ?”

ಭೀಮಸೇನ ಖಾಲಿ ಚೊಂಬಿನ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಬಾಗಿ, ಹೇಳಿದ:

“ಸಾಕು ತಾಯೀ, ಸಾಕು.”