ಗೇಟಿನ ಅಜ್ಜನ ವರ್ಗಾವಣೆಯ ಕುರಿತು

ಇಂದ:
ಇಸ್ತ್ರಿ ಅಂಗಡಿಯ ಅಜ್ಜ,
ದರ್ಜಿ ಅಂಗಡಿಗೆ ಹತ್ತುವ ಮೆಟ್ಟಿಲ ಕೆಳಗೆ.
(ಅಜ್ಜನ ಕೈಬರಹ ಬಹಳ ನಿಧಾನವಾದ ಕಾರಣ, ಅವರು ಹೇಳಿದಂತೆ ಮೊಮ್ಮಗಳು ಬರೆದದ್ದು.)

ಗೆ:
ಮಾನ್ಯ ಮಹಾನಿಯಂತ್ರಕರು,
ಮುಚ್ಚಳದ ನಗರ,
ಕಾದಂಬರಿಯ ಒಳಗೆ.

ವಿಷಯ: ತಮ್ಮ ನಗರದ ಗೇಟು ಕಾಯುತ್ತಿದ್ದ ಮುದುಕ ಎರಡನೇ ಭಾಗದಲ್ಲಿ ಕಾಣದಿರುವ ಬಗ್ಗೆ.

ಉಲ್ಲೇಖ: ೧) ಮೊದಲ ಭಾಗದ ಕೊನೆಯ ಪುಟ.
೨) ಎರಡನೇ ಭಾಗ, ಓದು ನಿಂತುಹೋದ ಜಾಗದವರೆಗೆ ಮಾತ್ರ.

ಮಾನ್ಯರೇ,

೧. ಈ ಅರ್ಜಿ ತಮಗೆ ಬರುವುದಕ್ಕೇ ಮೊಮ್ಮಗಳ ತಕರಾರಿತ್ತು. "ಮಹಾನಿಯಂತ್ರಕ ಕಥೆಯೊಳಗಿನವನು ಅಜ್ಜಾ. ಬರೆದೋರಿಗೆ ಕಳಿಸೋಣ," ಅಂದಳು. "ಬರೆದೋರಿಗೆ ಎಲ್ಲಾರೂ ಬರೀತಾರೆ ಮಗಾ. ಗೇಟಿನ ಬೀಗದಕೈ ಇರೋದು ಇವನ ಹತ್ರ. ಇವನಿಗೇ ಬರಿ," ಎಂದು ಅರ್ಜಿದಾರ ಹೇಳಿದ್ದರಿಂದ ತಮಗೇ ಬರೆಯಲಾಗಿದೆ.

೨. ಇಸ್ತ್ರಿ ಮಾಡುವಾಗ ಅರ್ಜಿದಾರನ ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಆದ್ದರಿಂದ ಸಂಜೆ ಹೊತ್ತು ಮೊಮ್ಮಗಳು ಬಟ್ಟೆಗಂಟಿನ ಮೇಲೆ ಕುಳಿತು ಗಟ್ಟಿಯಾಗಿ ಓದುವುದು ವಾಡಿಕೆ. ಬಟ್ಟೆಗೆಂದು ಬಂದವರೂ ನಿಂತು ಕೇಳುತ್ತಾರೆ. ಅಂಗಡಿಯ ಕಾನೂನು ಒಂದೇ: ಮುಂದಿನ ಪುಟವನ್ನು ಯಾರೂ ಕದ್ದು ಓದತಕ್ಕದ್ದಲ್ಲ.

೩. ತಮ್ಮ ನಗರದ ನೆತ್ತಿಗೆ ಮುಚ್ಚಳ ಹಾಕಿರುವುದೂ, ತಮ್ಮ ಅಪ್ಪಣೆಯಿಲ್ಲದೆ ಅಲ್ಲಿ ಬೆಳಗಾಗದಿರುವುದೂ ಮೊದಲ ಭಾಗದಿಂದ ತಿಳಿದುಬಂದಿದೆ. ನಿಜವಾದ ಬೆಳಗು ನೋಡಬೇಕೆಂದು ಒಬ್ಬ ಹುಡುಗಿ ಗೇಟಿನವರೆಗೆ ಓಡಿ ಬಂದಳು. ಮುದುಕ ಗೇಟು ತೆಗೆದು, "ನೀನು ಹೋಗು. ಇದನ್ನು ಒಳಗಿನಿಂದಲೇ ಹಾಕಬೇಕು, ನಾನು ಇರುತ್ತೇನೆ" ಅಂದ. ಅಲ್ಲಿಗೆ ಪುಸ್ತಕ ಮುಗಿಯಿತು. ಬಸ್ ಡ್ರೈವರನ ಸಮವಸ್ತ್ರದ ಅಂಗಿಯೂ ಮುಗಿಯಿತು. ಇಸ್ತ್ರಿಪೆಟ್ಟಿಗೆ ಅದರ ಬೆನ್ನ ಮೇಲೇ ಕುಳಿತಿದ್ದನ್ನು ಯಾರೂ ನೋಡಿರಲಿಲ್ಲ. ಸುಟ್ಟ ವಾಸನೆ ಬಂದಾಗ ಡ್ರೈವರನೇ, "ಅಂಗಿ ಹೋದ್ರೆ ಹೋಗ್ಲಿ, ಪುಟ ತಿರುವು ಮಗಾ!" ಅಂದ. ತಿರುವಲು ಪುಟವಿರಲಿಲ್ಲ.

೪. ಹೀಗಿರುವಲ್ಲಿ ಎರಡನೇ ಭಾಗ ಬಂತು, ಅಂಗಡಿ ಎರಡು ಪಕ್ಷವಾಗಿ ಒಡೆಯಿತು. ಹುಡುಗಿ ಹೊರಗೆ ಕಾಡಿನಲ್ಲಿ ಕೂತು ಯೋಚಿಸುತ್ತಾಳೆ. ಇಬ್ಬರು ಹುಡುಗರು ಅವಳ ಹಿಂದೆ.

ಡ್ರೈವರ್: "ಆಗಿಂದ ಗಾಡಿ ನ್ಯೂಟ್ರಲ್‌ನಲ್ಲೇ ಇದೆಯಲ್ರೀ. ಒಂದು ಹೊಡೆದಾಟ ಬೇಡ್ವಾ?"

ಆಸ್ಪತ್ರೆಯ ದಾದಿ: "ಮೊದಲನೇದರಲ್ಲಿ ಬರೀ ಓಟ. ಓಡಿದ ಹುಡುಗಿ ಸ್ವಲ್ಪ ಕೂತ್ಕೊಂಡ್ರೆ ನಿಮಗೇನು ಹೊಟ್ಟೆಉರಿ? ನನಗಿದೇ ಚೆನ್ನಾಗಿದೆ."

ಮೇಲಿನ ದರ್ಜಿ: "ಈ ಹುಡುಗನೋ, ಆ ಹುಡುಗನೋ ಅಂತ ಅಳತೇನೇ ತಗೋತಾ ಇದ್ದಾಳೆ. ಕತ್ತರಿ ಹಾಕೋದು ಯಾವಾಗ?"

"ನಿಮ್ಮ ಹಾಗೆ ಅಳತೆ ಇಲ್ಲದೇ ಹಾಕಬೇಕಿತ್ತೇನೋ," ಎಂದು ದಾದಿ ಅಂದದ್ದರಿಂದ ದರ್ಜಿ ಆ ವಾರ ಕೆಳಗೆ ಇಳಿಯಲಿಲ್ಲ.

೫. ಎರಡನೇ ಭಾಗ ಶುರುವಾದ ಮೇಲೆ ಅಂಗಡಿಯಲ್ಲಿ ಒಂದು ಅಂಗಿಯೂ ಸುಟ್ಟಿಲ್ಲ. ಇದು ಪುಸ್ತಕದ ದೋಷವೆಂದು ಡ್ರೈವರೂ, ಗುಣವೆಂದು ದಾದಿಯೂ ವಾದಿಸುತ್ತಾರೆ. ಅರ್ಜಿದಾರನು ಯಾರ ಪಕ್ಷವೂ ಅಲ್ಲ. ಗೇಟು ಹಾಕಿಕೊಂಡ ಮುದುಕ ಏನಾದ ಎಂದಷ್ಟೇ ಕಾಯುತ್ತಿದ್ದಾನೆ. ಆ ಹುಡುಗಿ ಅವನನ್ನು ಒಮ್ಮೆಯೂ ನೆನೆಯದಿರುವುದು ಅರ್ಜಿದಾರನಿಗೆ ಅಷ್ಟು ಸರಿಬಂದಿಲ್ಲ.

೬. ಈ ನಡುವೆ ಓದು ನಿಂತಿದೆ. ಮೊದಲ ದಿನ ಮೊಮ್ಮಗಳಿಗೆ ಗಂಟಲು ಸರಿ ಇರಲಿಲ್ಲ. ಆಮೇಲೆ ಕಣ್ಣು. ಆಮೇಲೆ, "ಚೆನ್ನಾಗಿಲ್ಲ ಅಜ್ಜಾ ಅದು, ಬಿಡು. ಬೇರೆ ಪುಸ್ತಕ ತರ್ತೀನಿ." ಕದ್ದು ಓದಿ ಮುಗಿಸಿದ್ದಾಳೆಂದು ಇದರಿಂದ ಸ್ಪಷ್ಟವಾಯಿತು. ("ಅಜ್ಜಾ, ಇದನ್ನೂ ಬರೀಬೇಕಾ?" "ಬರಿ.")

೭. "ಗೇಟಿನ ಅಜ್ಜ ಏನಾದ, ಅಷ್ಟಾದ್ರೂ ಹೇಳು," ಎಂದು ಕೇಳಲಾಗಿ, "ಅವನಾ? ಅವನಿಗೆ ಬೇರೆ ಗೇಟಿಗೆ ವರ್ಗ ಆಗಿದೆ," ಎಂದು ಬಟ್ಟೆಗಂಟಿನ ಕಡೆ ತಿರುಗಿ ಉತ್ತರಿಸಿದಳು.

೮. ಈ ಸಂಬಂಧ ಒಂದು ಹಳೆಯ ಸಂಗತಿಯನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಮೊಮ್ಮಗಳು ಚಿಕ್ಕವಳಿದ್ದಾಗ ಅಂಗಡಿಯಲ್ಲೊಂದು ಬೂದು ಬೆಕ್ಕಿತ್ತು. ಬಿಸಿ ಬಟ್ಟೆಯ ಮೇಲೆ ಮಲಗುತ್ತಿತ್ತು, ಅರ್ಜಿದಾರನನ್ನು ಬಹಳ ಹಚ್ಚಿಕೊಂಡಿತ್ತು. ಒಂದು ದಿನ ಕಾಣಲಿಲ್ಲ. ಕೇಳಿದರೆ, "ಬೆಕ್ಕು ಅದರ ಅತ್ತೆ ಮನೆಗೆ ಹೋಗಿದೆ ಅಜ್ಜಾ," ಎಂದು ಇದೇ ಮೊಮ್ಮಗಳು ಇದೇ ಗಂಟಿನ ಕಡೆ ತಿರುಗಿ ಹೇಳಿದ್ದಳು. ಹಿತ್ತಲಲ್ಲಿ ಮಣ್ಣು ಹೊಸದಾಗಿತ್ತು. ಅತ್ತೆ ಮನೆಯಲ್ಲಿ ಬೆಕ್ಕು ಚೆನ್ನಾಗಿದೆಯೇ ಎಂದು ಅರ್ಜಿದಾರ ಆಗಾಗ ವಿಚಾರಿಸುತ್ತಿದ್ದ. ಚೆನ್ನಾಗಿದೆ ಎಂದೇ ಉತ್ತರ ಬರುತ್ತಿತ್ತು.

(ಇಲ್ಲಿ ಬರೆಯುವವಳ ಪೆನ್ನು ನಿಂತಿತು. "ನಿಂಗೆ ಆಗಲೇ ಗೊತ್ತಿತ್ತಾ ಅಜ್ಜಾ?" "ಗೊತ್ತಿತ್ತು ಮಗಾ. ನೀನು ಅಷ್ಟು ಕಷ್ಟಪಟ್ಟು ಹೇಳಿದ್ದೆ, ನಂಬಬೇಕಾಯ್ತು. ಮುಂದೆ ಬರಿ.")

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ ಪ್ರಾರ್ಥನೆ ಏನೆಂದರೆ: ಅರ್ಜಿದಾರನು ತನ್ನ ಕಾಲದಲ್ಲಿ ಬಹಳ ಜನರನ್ನು ಕಳಿಸಿಕೊಟ್ಟವನು. ಇನ್ನೊಬ್ಬ ಮುದುಕನನ್ನು ಕಳಿಸಿಕೊಡಲು ಶಕ್ತನಿದ್ದಾನೆ. ಯಾರದೋ ಬಾಯಲ್ಲಿ ಕೇಳುವುದಕ್ಕಿಂತ ಮೊಮ್ಮಗಳ ಬಾಯಲ್ಲಿ ಕೇಳುವುದೇ ಆತನ ಇಷ್ಟ. ಆಕೆಗೆ ಓದಲು ತಾವು ಅಪ್ಪಣೆ ಕೊಡಬೇಕು. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಡ್ರೈವರೂ ದಾದಿಯೂ ಆಮೇಲೆ ನೋಡಿಕೊಳ್ಳುತ್ತಾರೆ.

(ಅಪ್ಪಣೆ ಬರುವ ಮೊದಲೇ ಬರೆಯುವವಳು ಮೂಗು ಒರೆಸಿಕೊಂಡು, "ನಾಳೆ ಓದ್ತೀನಿ. ಡ್ರೈವರ್ ಮಾಮನ ಅಂಗಿ ಮಾತ್ರ ಮೇಜಿನ ಮೇಲೆ ಇರಬಾರದು," ಎಂದು ಷರತ್ತು ಹಾಕಿರುತ್ತಾಳೆ. ಒಪ್ಪಲಾಗಿದೆ.)

ಗೇಟಿನ ಈಚೆ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿಯ ಅಜ್ಜ

ಲಗತ್ತುಗಳು:
೧) ಡ್ರೈವರನ ಅಂಗಿಯ ಸುಟ್ಟ ಬೆನ್ನು.
೨) ಓದು ನಿಂತ ಪುಟದಲ್ಲಿ ಇಟ್ಟಿದ್ದ ಬಟ್ಟೆಚೂರು. (ಕೆಲಸವಿದೆ, ಹಿಂದಿರುಗಿಸುವುದು.)

ವಿಶೇಷ ವಿನಂತಿ: ಗೇಟಿನ ಮುದುಕನ ಸಮವಸ್ತ್ರವನ್ನು ನಾಳೆ ಸಂಜೆಯೊಳಗೆ ಅಂಗಡಿಗೆ ಕಳಿಸುವುದು. ವರ್ಗವಾಗಿ ಎಲ್ಲಿಗೇ ಹೋಗಲಿ, ಮುದುಡಿದ ಬಟ್ಟೆಯಲ್ಲಿ ಹೋಗುವುದು ಬೇಡ.